ಶಿಕ್ಷೆಯಾದ ಮೇಲೆ ಸರ್ಕಾರಿ ಪಿಂಚಣಿ: ಏನು ಹೋಗುತ್ತದೆ, ಏನು ಉಳಿಯುತ್ತದೆ, ಕಡತ ಹೇಗೆ ನಡೆಯಬೇಕು

"ಶಿಕ್ಷೆ ಆಯಿತಂತೆ, ಪಿಂಚಣಿಯೂ ಹೋಯಿತಂತೆ" ಎಂದು ಜನ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಆ ಎರಡು ಮಾತುಗಳ ನಡುವೆ ಒಂದು ಇಡೀ ಕಡತ ಇದೆ. ನಮ್ಮಲ್ಲಿ ಕ್ರಿಮಿನಲ್ ನ್ಯಾಯಾಲಯದ ತೀರ್ಪು ಯಾರ ಪಿಂಚಣಿಯನ್ನೂ ತಾನಾಗಿ ನಿಲ್ಲಿಸುವುದಿಲ್ಲ. ಅಧಿಕಾರ ಇರುವವರು, ಇಂಥದ್ದೇ ನಿಯಮದ ಅಡಿಯಲ್ಲಿ, ಬರಹದಲ್ಲಿ ಆದೇಶ ಹೊರಡಿಸಿದಾಗ ಮಾತ್ರ ಅದು ನಿಲ್ಲುತ್ತದೆ. ಆದೇಶ ಬರುವ ತನಕ ಖಜಾನೆಯಾಗಲಿ ಬ್ಯಾಂಕಾಗಲಿ ಪತ್ರಿಕೆಯ ಸುದ್ದಿ ನೋಡಿ ಹಣ ತಡೆಯುವಂತಿಲ್ಲ.

ಇದಕ್ಕೆ ಬುನಾದಿ ಹಳೆಯದು. 1971ರ ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ಸರ್ಕಾರದ ದಯೆಯಲ್ಲ, ನೌಕರನ ಆಸ್ತಿ ಎಂದಿತು. ಆಸ್ತಿಯ ಹಕ್ಕು ಈಗ ಸಂವಿಧಾನದ 300ಎ ವಿಧಿಯಲ್ಲಿದೆ, ಮತ್ತು ಆಸ್ತಿಯನ್ನು ಕಾನೂನಿನ ಬಲದಿಂದಲ್ಲದೆ ಕಿತ್ತುಕೊಳ್ಳುವಂತಿಲ್ಲ. ಜಾರ್ಖಂಡಿನ ಪಶುಸಂಗೋಪನಾ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರ ಪಿಂಚಣಿಯಲ್ಲಿ ಶೇ 10 ಭಾಗ, ಉಪದಾನ (ಗ್ರಾಚ್ಯುಟಿ) ಮತ್ತು ರಜೆ ನಗದೀಕರಣವನ್ನು ಕ್ರಿಮಿನಲ್ ಕೇಸು ಬಾಕಿ ಇದೆ ಎಂಬ ಕಾರಣಕ್ಕೆ ತಡೆದಾಗ, 2013ರ ಜಿತೇಂದ್ರ ಕುಮಾರ್ ಶ್ರೀವಾಸ್ತವ ತೀರ್ಪು ಇದೇ ಮಾತನ್ನು ಹೇಳಿತು: ನಿಯಮದಲ್ಲಿ ಅಧಿಕಾರ ಇಲ್ಲದಿದ್ದರೆ ಸುತ್ತೋಲೆ ತೋರಿಸಿ ತಡೆಯಲಾಗದು. ಹಾಗಾಗಿ ಪಿಂಚಣಿ ತಡೆದರು ಎಂದರೆ ಮೊದಲು ಕೇಳಬೇಕಾದ್ದು, "ಯಾವ ನಿಯಮ?"

ಮೊದಲ ಹಂತ: ಆರು ದಿನಾಂಕ ಬರೆದುಕೊಳ್ಳಿ

ಕಡತ ನಡೆಸುವ ವಿಷಯ ನಿರ್ವಾಹಕರಿರಲಿ, ಪಿಂಚಣಿದಾರರ ಮನೆಯವರಿರಲಿ, ಒಂದು ಬಿಳಿ ಹಾಳೆ ತೆಗೆದುಕೊಂಡು ಈ ಆರನ್ನು ಬರೆಯಿರಿ: ಘಟನೆ ನಡೆದ ದಿನ, ಅಮಾನತಾದ ದಿನ (ಆಗಿದ್ದರೆ), ಇಲಾಖೆಯ ದೋಷಾರೋಪಣಾ ಪತ್ರ ಹೊರಟ ದಿನ, ಪೊಲೀಸರು ನ್ಯಾಯಾಲಯಕ್ಕೆ ಆರೋಪ ಪಟ್ಟಿ ಸಲ್ಲಿಸಿದ ದಿನ, ನಿವೃತ್ತಿಯ ದಿನ, ತೀರ್ಪಿನ ದಿನ. ಮುಂದಿನ ಎಲ್ಲ ವಾದವೂ ಈ ಹಾಳೆಯ ಮೇಲೆಯೇ ನಡೆಯುತ್ತದೆ.

ಕನ್ನಡದ ಕಡತಗಳಲ್ಲಿ ಇಲ್ಲೊಂದು ತೊಡಕಿದೆ. ಇಲಾಖೆ ಕೊಡುವುದನ್ನೂ ಪೊಲೀಸರು ಕೋರ್ಟಿಗೆ ಕೊಡುವುದನ್ನೂ ನಾವು "ಚಾರ್ಜ್‌ಶೀಟ್" ಎಂದೇ ಕರೆಯುತ್ತೇವೆ. ಟಿಪ್ಪಣಿ ಹಾಳೆಯಲ್ಲಿ "ಚಾರ್ಜ್‌ಶೀಟ್ ದಿನಾಂಕ" ಎಂದು ಒಂದೇ ಸಾಲು ಇದ್ದರೆ ಅದು ಯಾವುದು ಎಂದು ಕೇಳದೆ ಮುಂದೆ ಹೋಗಬೇಡಿ. ಎರಡರ ಪರಿಣಾಮವೂ ಬೇರೆ.

ದಿನಾಂಕಗಳು ಕೈಗೆ ಬಂದರೆ ಪ್ರಕರಣ ಮೂರರಲ್ಲಿ ಒಂದು ದಾರಿ ಹಿಡಿಯುತ್ತದೆ.

ಸೇವೆಯಲ್ಲಿರುವಾಗಲೇ ಶಿಕ್ಷೆಯಾದರೆ ಅದು ಪಿಂಚಣಿ ತಡೆಯುವ ಪ್ರಕರಣವೇ ಅಲ್ಲ, ಶಿಸ್ತು ಕ್ರಮದ ಪ್ರಕರಣ. ಸಂವಿಧಾನದ 311(2)ನೇ ವಿಧಿಯ ಎರಡನೇ ಪರಂತುಕದ (ಎ) ಖಂಡದ ಪ್ರಕಾರ, ಶಿಕ್ಷೆಗೆ ಕಾರಣವಾದ ನಡತೆಯ ಆಧಾರದ ಮೇಲೆ ವಿಚಾರಣೆ ಇಲ್ಲದೆಯೇ ವಜಾ ಮಾಡಬಹುದು. ವಜಾ ಆದರೆ ಹಿಂದಿನ ಸೇವೆಯೇ ಮುಟ್ಟುಗೋಲಾಗುತ್ತದೆ. ಸೇವೆ ಇಲ್ಲದ ಮೇಲೆ ಪಿಂಚಣಿಯ ಲೆಕ್ಕವೂ ಹುಟ್ಟುವುದಿಲ್ಲ.

ಅಪರಾಧ ಸೇವೆಯಲ್ಲಿದ್ದಾಗ ನಡೆದು, ನಿವೃತ್ತಿಯ ನಂತರ ಶಿಕ್ಷೆಯಾದರೆ ಕರ್ನಾಟಕದ ನೌಕರರಿಗೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 214ನೇ ನಿಯಮ, ಕೇಂದ್ರದವರಿಗೆ 2021ರ ಕೇಂದ್ರ ನಾಗರಿಕ ಸೇವೆಗಳ ಪಿಂಚಣಿ ನಿಯಮಗಳ 8ನೇ ನಿಯಮ. ಬಹುಪಾಲು ಲಂಚದ ಪ್ರಕರಣಗಳು ಇಲ್ಲಿಗೇ ಬರುತ್ತವೆ, ಯಾಕೆಂದರೆ ಟ್ರ್ಯಾಪ್‌ಗೂ (ಲಂಚ ಪಡೆಯುವಾಗ ಬಲೆ ಬೀಸಿ ಹಿಡಿಯುವುದಕ್ಕೂ) ತೀರ್ಪಿಗೂ ನಡುವೆ ಹತ್ತು ವರ್ಷ ಸರಿದುಹೋಗುವುದು ನಮ್ಮಲ್ಲಿ ಹೊಸದೇನಲ್ಲ.

ನಿವೃತ್ತಿಯಾದ ಮೇಲೆ ಮಾಡಿದ ಅಪರಾಧಕ್ಕೆ ಕೆಸಿಎಸ್‌ಆರ್ 213, ಕೇಂದ್ರದಲ್ಲಿ 7ನೇ ನಿಯಮ. "ಮುಂದಿನ ಸನ್ನಡತೆ"ಯ ನಿಯಮ ಎಂದು ಕರೆಯುವುದು ಇದನ್ನೇ. ಪ್ರತಿಯೊಂದು ಪಿಂಚಣಿಯೂ ಮುಂದೆ ಒಳ್ಳೆಯ ನಡತೆಯಲ್ಲಿರಬೇಕು ಎಂಬ ಷರತ್ತನ್ನು ಒಳಗೊಂಡಿದೆ; ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಪಿಂಚಣಿಯನ್ನು ಪೂರ್ತಿ ಅಥವಾ ಭಾಗಶಃ ತಡೆಯಬಹುದು.

ಹಳೆಯ ಆದೇಶಗಳಲ್ಲಿ ಕೇಂದ್ರದ ಇವೇ ನಿಯಮಗಳು 8 ಮತ್ತು 9 ಎಂದಿರುತ್ತವೆ. ಅವು 1972ರ ನಿಯಮಾವಳಿಯ ಸಂಖ್ಯೆಗಳು. ಹಳೆಯ 8 ಈಗಿನ 7, ಹಳೆಯ 9 ಈಗಿನ 8. ಹಳೆಯ ತೀರ್ಪು ಓದುವಾಗ ಇದನ್ನು ಮರೆತರೆ ಪೂರ್ತಿ ತಪ್ಪು ದಾರಿಗೆ ಬೀಳುತ್ತೀರಿ.

ಎರಡನೇ ಹಂತ: ನಿವೃತ್ತಿಯ ದಿನ ಏನಾದರೂ "ಬಾಕಿ" ಇತ್ತೇ?

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ನಿವೃತ್ತಿಯ ದಿನ ಇಲಾಖಾ ನಡವಳಿಯೋ ನ್ಯಾಯಾಂಗ ನಡವಳಿಯೋ ಬಾಕಿ ಇದ್ದರೆ ಉಪದಾನ ನಿಲ್ಲುತ್ತದೆ, ತಾತ್ಕಾಲಿಕ ಪಿಂಚಣಿ ಮಾತ್ರ ಸಿಗುತ್ತದೆ. ಆದರೆ "ಬಾಕಿ" ಎಂದರೆ ಏನೆಂಬುದನ್ನು ನಿಯಮವೇ ಹೇಳಿದೆ.

ಇಲಾಖಾ ನಡವಳಿ ಶುರುವಾಗುವುದು ದೋಷಾರೋಪಣಾ ಪತ್ರ ನೌಕರನ ಹೆಸರಿಗೆ ಹೊರಟ ದಿನ; ಅದಕ್ಕೂ ಮೊದಲೇ ಅಮಾನತಾಗಿದ್ದರೆ ಅಮಾನತಿನ ದಿನ. ಕ್ರಿಮಿನಲ್ ನಡವಳಿ ಶುರುವಾಗುವುದು ಮ್ಯಾಜಿಸ್ಟ್ರೇಟರು ಕಾಗ್ನಿಜೆನ್ಸ್ ತೆಗೆದುಕೊಳ್ಳುವ (ಅಂದರೆ ವಿಚಾರಣೆಗೆ ಪರಿಗಣಿಸುವ) ಪೊಲೀಸ್ ವರದಿ ಅಥವಾ ದೂರು ಸಲ್ಲಿಕೆಯಾದ ದಿನ. ಎಫ್‌ಐಆರ್ ದಾಖಲಾದ ದಿನವಲ್ಲ. ಬಂಧನವಾದ ದಿನವೂ ಅಲ್ಲ.

ಇದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. 2021ರ ಫೆಬ್ರವರಿ 10ರಂದು ಟ್ರ್ಯಾಪ್. ಅದೇ ದಿನ ಎಫ್‌ಐಆರ್. ಅಮಾನತು ಆಗಲಿಲ್ಲ, ಅಥವಾ ಆಗಿದ್ದು ಬೇರೆ ಕಡೆ ಸ್ಥಳನಿಯುಕ್ತಿಯೊಂದಿಗೆ ತೆರವಾಯಿತು. ತನಿಖೆ ಕುಂಟುತ್ತಾ ಸಾಗಿತು. 2023ರ ಜೂನ್ 30ರಂದು ನಿವೃತ್ತಿ. ಪೊಲೀಸರ ಆರೋಪ ಪಟ್ಟಿ ನ್ಯಾಯಾಲಯಕ್ಕೆ ಹೋದದ್ದು 2023ರ ನವೆಂಬರಿನಲ್ಲಿ. ಜೂನ್ 30ರ ಸಂಜೆ ಈ ನೌಕರನ ಮೇಲೆ ಕ್ರಿಮಿನಲ್ ನಡವಳಿ ಬಾಕಿ ಇರಲಿಲ್ಲ, ಇದ್ದದ್ದು ತನಿಖೆ. ಅಮಾನತು ತೆರವಾದ ಮೇಲೆ ಅದರ ಬಲ ಎಷ್ಟು ಉಳಿಯಿತು ಎಂಬ ತಕರಾರು ಮಾತ್ರ ಉಳಿದಿರಬಹುದು. ಅಮಾನತೇ ಆಗದ ಪ್ರಕರಣದಲ್ಲಿ ಎಫ್‌ಐಆರ್ ಒಂದನ್ನೇ ನೆಚ್ಚಿ ಉಪದಾನ ತಡೆದರೆ ಆ ಆದೇಶ ನೌಕರರ ಸೇವಾ ವ್ಯಾಜ್ಯ ಕೇಳುವ ಆಡಳಿತ ನ್ಯಾಯಮಂಡಳಿಯಲ್ಲಿ ನಿಲ್ಲುವುದು ಕಷ್ಟ.

ಇದೇ ಹಾಳೆಯಲ್ಲಿ ನಾಲ್ಕು ವರ್ಷದ ಗೆರೆಯನ್ನೂ ಎಳೆಯಿರಿ. ನಿವೃತ್ತಿಯ ನಂತರ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡಬೇಕಾದರೆ ಸರ್ಕಾರದ ಮಂಜೂರಾತಿ ಬೇಕು (ಕೇಂದ್ರದಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ), ಮತ್ತು ಘಟನೆ ನಡೆದು ನಾಲ್ಕು ವರ್ಷ ದಾಟಿರಬಾರದು. ಮೇಲಿನ ಉದಾಹರಣೆಯಲ್ಲಿ 2025ರ ಫೆಬ್ರವರಿ 10 ದಾಟಿದ ಮೇಲೆ ಹೊರಟ ದೋಷಾರೋಪಣಾ ಪತ್ರಕ್ಕೆ ಬೆಲೆ ಇಲ್ಲ. ಕಡತ ಇಲಾಖೆಯಿಂದ ಸಚಿವಾಲಯಕ್ಕೆ, ಅಲ್ಲಿಂದ ಸ್ಪಷ್ಟೀಕರಣಕ್ಕೆಂದು ವಾಪಸು, ಹೀಗೆ ಓಡಾಡುತ್ತಾ ಈ ಗೆರೆ ದಾಟಿಬಿಡುವುದೇ ಹೆಚ್ಚು. ವಿಷಯ ನಿರ್ವಾಹಕರು ಕಡತದ ಮೇಲುಹೊದಿಕೆಯ ಮೇಲೆಯೇ ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು.

ಹಾಗೆಂದು ನಾಲ್ಕು ವರ್ಷ ಕಳೆದರೆ ಕ್ರಿಮಿನಲ್ ಕೇಸೇ ಬಿದ್ದುಹೋಗುತ್ತದೆ ಎಂದು ತಿಳಿಯಬಾರದು. ಪಂಜಾಬಿನ ನಿಯಮದಲ್ಲಿ ನ್ಯಾಯಾಂಗ ನಡವಳಿಗೂ ನಾಲ್ಕು ವರ್ಷದ ಮಿತಿ ಇತ್ತು. 1989ರ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ನಿಯಮದ ಮಿತಿ ಪಿಂಚಣಿಗಷ್ಟೇ, ಅಪರಾಧದ ವಿಚಾರಣೆಯನ್ನು ಅದು ತಡೆಯುವುದಿಲ್ಲ ಎಂದಿತು.

ಮೂರನೇ ಹಂತ: ಬಾಕಿ ಇರುವಾಗ ಏನು ಕೊಡಬೇಕು

ಕರ್ನಾಟಕದಲ್ಲಿ 214-ಎ ನಿಯಮದಡಿ ತಾತ್ಕಾಲಿಕ ಪಿಂಚಣಿ. ಇದು ಅರ್ಧ ಪಿಂಚಣಿಯಲ್ಲ, ಜೀವನಾಂಶವೂ ಅಲ್ಲ. ಅರ್ಹ ಸೇವೆಯ ಮೇಲೆ ಸಿಗಬಹುದಾದ ಗರಿಷ್ಠ ಪಿಂಚಣಿಯಷ್ಟನ್ನೂ ಕೊಡಬಹುದು. "ಕೇಸಿದೆ, ಅದಕ್ಕೆ ಅರ್ಧ ಮಂಜೂರು" ಎಂಬ ಟಿಪ್ಪಣಿ ಕಂಡರೆ, ಅರ್ಧ ಎಂಬ ಮಾತು ನಿಯಮದ ಯಾವ ಸಾಲಿನಲ್ಲಿದೆ ಎಂದು ಕೇಳಿ.

ಉಪದಾನ ಮಾತ್ರ ಪೂರ್ತಿ ನಿಲ್ಲುತ್ತದೆ, ನಡವಳಿ ಮುಗಿದು ಅಂತಿಮ ಆದೇಶ ಬರುವವರೆಗೆ. ಕೇಂದ್ರದ ನಿಯಮದಲ್ಲಿ ನಡವಳಿ ಬಾಕಿ ಇರುವಾಗ ಪಿಂಚಣಿ ಪರಿವರ್ತನೆಯೂ (ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು) ಇಲ್ಲ. ಭವಿಷ್ಯ ನಿಧಿ ಅಂದರೆ ಜಿಪಿಎಫ್ ನೌಕರನದೇ ಹಣ. ಎಷ್ಟೇ ದೊಡ್ಡ ಕೇಸಿದ್ದರೂ ತಡೆಯುವಂತಿಲ್ಲ. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯದ್ದು ವಿಮೆಯ ಲೆಕ್ಕ, ಪಿಂಚಣಿ ನಿಯಮ ಅದನ್ನು ಮುಟ್ಟುವುದಿಲ್ಲ.

ಮನೆಯವರು ನೆನಪಿಡಬೇಕಾದ ಇನ್ನೊಂದು ಅಂಶ: ಕೊನೆಗೆ ಪಿಂಚಣಿಯನ್ನು ಕಡಿತ ಮಾಡಿದರೂ, ಪೂರ್ತಿ ತಡೆದರೂ, ಅಲ್ಲಿಯವರೆಗೆ ಕೊಟ್ಟ ತಾತ್ಕಾಲಿಕ ಪಿಂಚಣಿಯನ್ನು ವಾಪಸು ಕೇಳುವಂತಿಲ್ಲ. ನಿಯಮದಲ್ಲೇ ಇದು ಸ್ಪಷ್ಟವಾಗಿದೆ. ಆದೇಶದಲ್ಲಿ "ನಿವೃತ್ತಿಯ ದಿನಾಂಕದಿಂದಲೇ ತಡೆಹಿಡಿಯಲಾಗಿದೆ, ಹೆಚ್ಚುವರಿ ಪಾವತಿಯನ್ನು ವಸೂಲು ಮಾಡತಕ್ಕದ್ದು" ಎಂಬ ಸಾಲು ಸೇರಿಕೊಂಡಿದ್ದರೆ ಎರಡನೇ ಭಾಗವನ್ನು ಆಕ್ಷೇಪಿಸಿ.

ನಾಲ್ಕನೇ ಹಂತ: ತೀರ್ಪು ಬಂದ ವಾರ

ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿ ತಕ್ಷಣ, ಉಚಿತವಾಗಿ ಸಿಗಬೇಕು. ಅದರ ಜೊತೆ ದೃಢೀಕೃತ ಪ್ರತಿಗೂ ಅರ್ಜಿ ಹಾಕಿ. ಒಂದು ಮೇಲ್ಮನವಿಗೆ, ಒಂದು ಇಲಾಖೆಗೆ ಉತ್ತರ ಕೊಡಲು, ಒಂದು ನ್ಯಾಯಮಂಡಳಿಗೆ, ಮೂರಾದರೂ ಇರಲಿ. ಶಿಕ್ಷೆಯ ಪ್ರಮಾಣದ ಆದೇಶ ಬೇರೆ ಹಾಳೆಯಲ್ಲಿ, ಕೆಲವೊಮ್ಮೆ ಬೇರೆ ದಿನಾಂಕದಲ್ಲಿ ಇರುತ್ತದೆ. ಅದು ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಮೇಲ್ಮನವಿಗೆ ಸಮಯ ಕಡಿಮೆ: ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ವಿಶೇಷ ಅಥವಾ ಸೆಷನ್ಸ್ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ 60 ದಿನ.

ಇಲ್ಲಿ ಎರಡು ಪದಗಳನ್ನು ಒಂದೇ ಎಂದು ತಿಳಿದು ಎಷ್ಟೋ ಮಂದಿ ಮೋಸ ಹೋಗುತ್ತಾರೆ. ಮೇಲ್ಮನವಿ ಹಾಕಿದಾಗ ಸಾಮಾನ್ಯವಾಗಿ ಸಿಗುವುದು ಶಿಕ್ಷೆಯ ಅಮಾನತು. ಅಂದರೆ ಜೈಲಿಗೆ ಹೋಗುವುದು ಸದ್ಯಕ್ಕೆ ತಪ್ಪಿತು, ಜಾಮೀನು ಸಿಕ್ಕಿತು. ದೋಷಿ ಎಂಬ ನಿರ್ಣಯ ಹಾಗೆಯೇ ಇರುತ್ತದೆ. ಪಿಂಚಣಿಯ ಮೇಲೆ ಕ್ರಮ ನಿಲ್ಲಬೇಕಾದರೆ ದೋಷನಿರ್ಣಯಕ್ಕೇ ತಡೆ ಬೇಕು. 1995ರ ನಾಗೂರ್ ಮೀರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆ ಅಮಾನತಾಗಿದೆ ಎಂಬ ಕಾರಣಕ್ಕೆ ಇಲಾಖೆ ಕೈಕಟ್ಟಿ ಕೂರಬೇಕಿಲ್ಲ ಎಂದಿತು. ಭ್ರಷ್ಟಾಚಾರದ ಪ್ರಕರಣಗಳಲ್ಲಿ ದೋಷನಿರ್ಣಯಕ್ಕೆ ಸುಲಭವಾಗಿ ತಡೆ ಕೊಡಬಾರದು ಎಂದು 2001ರ ಕೆ.ಸಿ. ಸರೀನ್ ತೀರ್ಪು ಹೇಳಿತು. ವಕೀಲರ ಮುಂದೆ "ಸ್ಟೇ ಸಿಕ್ಕಿತಾ ಸಾರ್?" ಎಂದು ಕೇಳುವ ಬದಲು "ಸೆಂಟೆನ್ಸಿಗೋ ಕನ್ವಿಕ್ಷನ್ನಿಗೋ?" ಎಂದು ಕೇಳಿ.

ಜೈಲಿನ ಬದಲು ಸನ್ನಡತೆಯ ಬಾಂಡಿನ ಮೇಲೆ ಬಿಟ್ಟರೂ ಅಷ್ಟೆ. ಪ್ರೊಬೇಷನ್ ಕಾಯ್ದೆ ಶಿಕ್ಷೆಯ ಬಿಸಿಯನ್ನು ತಗ್ಗಿಸುತ್ತದೆಯೇ ಹೊರತು ದೋಷಿ ಎಂಬ ನಿರ್ಣಯವನ್ನು ಅಳಿಸುವುದಿಲ್ಲ. 1990ರ ಬಕ್ಷಿ ರಾಮ್ ತೀರ್ಪು ಇದನ್ನೇ ಹೇಳುತ್ತದೆ.

ಐದನೇ ಹಂತ: ನೋಟಿಸು

ಕೇಂದ್ರದ ಸನ್ನಡತೆ ನಿಯಮದಲ್ಲಿ, ನ್ಯಾಯಾಲಯದ ಶಿಕ್ಷೆ ಇದ್ದರೆ "ತೀರ್ಪಿನ ಬೆಳಕಿನಲ್ಲಿ" ಕ್ರಮ ಎಂದಷ್ಟೇ ಇದೆ. ಶಿಕ್ಷೆ ಇಲ್ಲದ ದುರ್ನಡತೆಗೆ 15 ದಿನದ ನೋಟಿಸು, ಬೇಕಿದ್ದರೆ ಇನ್ನೂ 15 ದಿನದ ಕಾಲಾವಕಾಶ. ಇದನ್ನು ಓದಿದ ಕೆಲವರು ಶಿಕ್ಷೆಯಾದವರಿಗೆ ನೋಟಿಸೇ ಬೇಡ ಎಂದುಕೊಳ್ಳುತ್ತಾರೆ. ಆ ಸಾಹಸಕ್ಕೆ ಇಳಿಯಬೇಡಿ. ಪಿಂಚಣಿ ಕಡಿತಕ್ಕೆ ಮೊದಲು ಅಹವಾಲು ಕೇಳಬೇಕು ಎಂದು 1972ರಲ್ಲೇ ಕೆ.ಆರ್. ಎರ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಂದು ನೋಟಿಸಿನ ಖರ್ಚು ಅಂಚೆ ವೆಚ್ಚ. ನೋಟಿಸು ಬಿಟ್ಟ ಆದೇಶ ರದ್ದಾದರೆ ವರ್ಷಗಳ ಬಾಕಿ ಕೊಡಬೇಕು.

ನೋಟಿಸಿನಲ್ಲಿ ಇರಬೇಕಾದವು: ಪ್ರಕರಣದ ಸಂಖ್ಯೆ, ನ್ಯಾಯಾಲಯ, ಕಲಂಗಳು, ಶಿಕ್ಷೆಯ ಪ್ರಮಾಣ, ಯಾವ ನಿಯಮದಡಿ ಎಷ್ಟು ಭಾಗ ಎಷ್ಟು ಕಾಲ ತಡೆಯುವ ಉದ್ದೇಶವಿದೆ ಎಂಬುದು. "ಏಕೆ ಸೂಕ್ತ ಕ್ರಮ ಜರುಗಿಸಬಾರದು" ಎಂದು ಮಾತ್ರ ಬರೆದರೆ ಉತ್ತರಿಸುವವನಿಗೆ ಏನು ಉತ್ತರಿಸಬೇಕೆಂದೇ ತಿಳಿಯುವುದಿಲ್ಲ.

ಉತ್ತರ ಬರೆಯುವವರಿಗೆ ಒಂದು ಮಾತು. "ನಾನು ನಿರಪರಾಧಿ" ಎಂದು ನಾಲ್ಕು ಪುಟ ಬರೆಯುವುದು ವ್ಯರ್ಥ. ಆ ವಾದಕ್ಕೆ ಜಾಗ ಮೇಲ್ಮನವಿ. ಇಲ್ಲಿ ಕೆಲಸಕ್ಕೆ ಬರುವುದು ಬೇರೆ ಸಂಗತಿಗಳು: ಅಪರಾಧಕ್ಕೂ ಹುದ್ದೆಗೂ ಸಂಬಂಧ ಇತ್ತೇ, ಸರ್ಕಾರಕ್ಕೆ ಹಣದ ನಷ್ಟ ಆಯಿತೇ, ಉಳಿದ ಸೇವೆಯ ದಾಖಲೆ ಹೇಗಿತ್ತು, ಮನೆಯಲ್ಲಿ ಅವಲಂಬಿತರು ಯಾರು, ಕಾಯಿಲೆಯ ಖರ್ಚೆಷ್ಟು, ಮೇಲ್ಮನವಿ ಯಾವ ಹಂತದಲ್ಲಿದೆ. ಪ್ರತಿಯೊಂದಕ್ಕೂ ಒಂದೊಂದು ಕಾಗದ ಲಗತ್ತಿಸಿ. ಅಜಾಗರೂಕ ಚಾಲನೆಯ ಅಪಘಾತವೂ ಕ್ರಿಮಿನಲ್ ಶಿಕ್ಷೆಯೇ, ಖಜಾನೆಯ ಹಣ ನುಂಗಿದ್ದೂ ಕ್ರಿಮಿನಲ್ ಶಿಕ್ಷೆಯೇ. "ಗಂಭೀರ ಅಪರಾಧ" ಎಂಬುದಕ್ಕೆ ಇಷ್ಟು ವರ್ಷ ಎಂಬ ಅಳತೆ ನಿಯಮದಲ್ಲಿಲ್ಲ. ಕೇಂದ್ರದ ವಿವರಣೆ ಅಧಿಕೃತ ರಹಸ್ಯಗಳ ಕಾಯ್ದೆಯ ಅಪರಾಧವನ್ನು ಅದರಲ್ಲಿ ಸೇರಿಸಿದೆ, ಅಷ್ಟೆ. ಉಳಿದದ್ದನ್ನು ಪ್ರಕರಣದಿಂದ ಪ್ರಕರಣಕ್ಕೆ ತೂಗಬೇಕು, ತೂಗಿದ್ದು ಆದೇಶದಲ್ಲಿ ಕಾಣಬೇಕು.

ಆರನೇ ಹಂತ: ಆದೇಶ

ಯಾರು ಸಹಿ ಮಾಡಬೇಕು ಎಂಬುದರಲ್ಲೇ ಅರ್ಧ ಆದೇಶಗಳ ಹಣೆಬರಹ ಇದೆ. ಕರ್ನಾಟಕದಲ್ಲಿ 214ರ ಅಧಿಕಾರ ಸರ್ಕಾರದ್ದು. ಇಲಾಖಾ ಮುಖ್ಯಸ್ಥರು ಪ್ರಸ್ತಾವ ಕಳಿಸಬಹುದು, ತಾವೇ ತಡೆಯುವಂತಿಲ್ಲ. ಉಪಲೋಕಾಯುಕ್ತರು 1957ರ ಸಿಸಿಎ ನಿಯಮಗಳ (ರಾಜ್ಯ ನೌಕರರ ಶಿಸ್ತು ನಿಯಮಗಳು) 14-ಎ ಅಡಿಯಲ್ಲಿ ವಿಚಾರಣೆ ನಡೆಸಿ "ಶೇ 50ರಷ್ಟು ಪಿಂಚಣಿ ಐದು ವರ್ಷ ತಡೆಯಬೇಕು" ಎಂದು ಬರೆದರೂ ಅದು ಶಿಫಾರಸು. ಸರ್ಕಾರದ ಆದೇಶ ಹೊರಡುವವರೆಗೆ ಖಜಾನೆ ಒಂದು ರೂಪಾಯಿಯನ್ನೂ ಕಡಿಯಬಾರದು. ಕೇಂದ್ರದಲ್ಲಿ ಆದೇಶ ರಾಷ್ಟ್ರಪತಿಯವರ ಹೆಸರಿನಲ್ಲಿ ಹೊರಡುವುದಾದರೆ ಯುಪಿಎಸ್‌ಸಿಯ ಅಭಿಪ್ರಾಯ ಪಡೆಯಲೇಬೇಕು. ಐಎಎಸ್, ಐಪಿಎಸ್, ಐಎಫ್‌ಎಸ್ (ಅರಣ್ಯ ಸೇವೆ) ಅಧಿಕಾರಿಗಳಿಗೆ 1958ರ ಬೇರೆಯದೇ ನಿಯಮಾವಳಿ. ಅಲ್ಲಿ ಪಿಂಚಣಿ ತಡೆಯುವುದು ಕೇಂದ್ರ ಸರ್ಕಾರ, 2023ರ ತಿದ್ದುಪಡಿಯ ನಂತರ ರಾಜ್ಯದ ಶಿಫಾರಸಿಗೆ ಕಾಯಲೂಬೇಕಿಲ್ಲ. ಸಾರ್ವಜನಿಕ ವಲಯದ ಬ್ಯಾಂಕಿನವರಿಗೆ 1995ರ ಪಿಂಚಣಿ ನಿಯಂತ್ರಣಗಳ 43ನೇ ಕಲಂ.

ಮತ್ತೆ ಮತ್ತೆ ಕಾಣುವ ಮುಜುಗರದ ತಪ್ಪೊಂದಿದೆ: ನಿವೃತ್ತರಾದವರನ್ನು "ಸೇವೆಯಿಂದ ವಜಾಗೊಳಿಸಿ" ಆದೇಶ ಮಾಡುವುದು. ನಿವೃತ್ತಿಯೊಂದಿಗೆ ಒಡೆಯ–ನೌಕರ ಸಂಬಂಧ ಮುಗಿದಿದೆ. ಇಲ್ಲದ ನೌಕರಿಯಿಂದ ವಜಾ ಮಾಡುವುದು ಹೇಗೆ? ಆಗ ಉಳಿದಿರುವ ಆಯುಧ ಪಿಂಚಣಿ ನಿಯಮ ಒಂದೇ.

ಆದೇಶದ ಮುಖ್ಯ ಭಾಗ ಹೇಗಿರಬೇಕು? ಕೆಟ್ಟ ಆದೇಶ ಹೀಗಿರುತ್ತದೆ: "ಸದರಿಯವರಿಗೆ ಶಿಕ್ಷೆಯಾಗಿರುವುದರಿಂದ ನಿಯಮಾನುಸಾರ ನಿವೃತ್ತಿ ವೇತನವನ್ನು ತಡೆಹಿಡಿಯಲಾಗಿದೆ." ಯಾವ ನಿಯಮ, ಎಷ್ಟು, ಎಂದಿನಿಂದ, ಎಲ್ಲಿಯವರೆಗೆ ಯಾವುದೂ ಇಲ್ಲ. ಒಳ್ಳೆಯದು ಹೀಗೆ: "ಸೇವಾವಧಿಯಲ್ಲಿ ಎಸಗಿದ ಕೃತ್ಯಕ್ಕಾಗಿ ನ್ಯಾಯಾಲಯವು ದೋಷಿ ಎಂದು ನಿರ್ಣಯಿಸಿರುವುದನ್ನು, ಸದರಿಯವರ ಉತ್ತರದಲ್ಲಿನ ಅಂಶಗಳೊಂದಿಗೆ ಪರಿಶೀಲಿಸಿ, ಕೃತ್ಯವು ಗಂಭೀರ ದುರ್ನಡತೆಯಾಗಿದೆ ಎಂದು ಸರ್ಕಾರವು ತೀರ್ಮಾನಿಸಿದೆ. ಆದ್ದರಿಂದ ಕೆಸಿಎಸ್‌ಆರ್ 214(1)ರ ಅಡಿಯಲ್ಲಿ ಮಾಸಿಕ ನಿವೃತ್ತಿ ವೇತನದ ಶೇ 50 ಭಾಗವನ್ನು ಈ ಆದೇಶದ ದಿನಾಂಕದಿಂದ ಐದು ವರ್ಷಗಳ ಅವಧಿಗೆ ತಡೆಹಿಡಿದಿದೆ. ತಡೆಹಿಡಿದಿರುವ ಉಪದಾನವನ್ನು ಬಿಡುಗಡೆ ಮಾಡತಕ್ಕದ್ದು."

"ಗಂಭೀರ ದುರ್ನಡತೆ" ಎಂಬ ತೀರ್ಮಾನ ಅಲಂಕಾರಕ್ಕಲ್ಲ. ಲಂಡನ್ನಿನ ಭಾರತೀಯ ಹೈಕಮಿಷನ್ನಿನಲ್ಲಿದ್ದ ಸಹಾಯಕರೊಬ್ಬರು ಪತ್ನಿಯ ಕಾಯಿಲೆಯಿಂದಾಗಿ ವರ್ಗಾವಣೆಯಾದ ಕಡೆಗೆ ಹೋಗಲಿಲ್ಲ. ಅವರ ಪೂರ್ತಿ ಪಿಂಚಣಿಯನ್ನೂ ಉಪದಾನವನ್ನೂ ಶಾಶ್ವತವಾಗಿ ತಡೆಯಲಾಯಿತು. 1990ರ ಡಿ.ವಿ. ಕಪೂರ್ ಪ್ರಕರಣ ಅದು. ಗಂಭೀರ ದುರ್ನಡತೆ ಎಂಬ ನಿರ್ಣಯವೇ ಇಲ್ಲದೆ ಪಿಂಚಣಿ ತಡೆಯುವ ಅಧಿಕಾರ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಆದೇಶವನ್ನು ರದ್ದು ಮಾಡಿತು.

ಎಷ್ಟು ಭಾಗ, ಎಷ್ಟು ಕಾಲ ಎನ್ನುವಾಗ ಲೆಕ್ಕ ಹಾಕದೆ ಬರೆಯಬಾರದು. ಮೂಲ ಪಿಂಚಣಿ ₹50,000 ಎಂದಿಟ್ಟುಕೊಳ್ಳಿ. ಶೇ 50ನ್ನು ಐದು ವರ್ಷ ತಡೆದರೆ ₹25,000ರಂತೆ 60 ತಿಂಗಳಿಗೆ ₹15 ಲಕ್ಷ. ಶೇ 10ನ್ನು ಶಾಶ್ವತವಾಗಿ ತಡೆದರೆ ತಿಂಗಳಿಗೆ ₹5,000. ಪಿಂಚಣಿದಾರ ಇನ್ನೂ 25 ವರ್ಷ ಬದುಕಿದರೆ ಅದೂ ₹15 ಲಕ್ಷವೇ. ತುಟ್ಟಿಭತ್ಯೆಯ ಮಾತು ಬೇರೆ. ಕೇಳಲು ಹಗುರವಾದ "ಶೇ 10 ಶಾಶ್ವತ" ದೀರ್ಘಾಯುಷಿಗೆ ಹಗುರವಲ್ಲ. ಸರ್ಕಾರಕ್ಕಾದ ನಷ್ಟವನ್ನು ಪಿಂಚಣಿಯಿಂದ ವಸೂಲು ಮಾಡುವುದಷ್ಟೇ ತೀರ್ಮಾನವಾಗಿದ್ದರೆ, ಸಾಮಾನ್ಯವಾಗಿ ನಿವೃತ್ತಿಯ ದಿನದ ಪಿಂಚಣಿಯ ಮೂರನೇ ಒಂದು ಭಾಗ ಮೀರುವಂತಿಲ್ಲ.

ಕೇಂದ್ರದ ನಿಯಮದಲ್ಲಿ ಭಾಗಶಃ ಕಡಿತದ ನಂತರ ಉಳಿಯುವುದು ತಿಂಗಳಿಗೆ ₹9,000ಕ್ಕಿಂತ ಕಡಿಮೆ ಆಗಬಾರದು. ಆದರೆ ಆ ನೆಲಮಟ್ಟ ಭಾಗಶಃ ಕಡಿತಕ್ಕೆ ಮಾತ್ರ. ಪೂರ್ತಿ ತಡೆದರೆ ಉಳಿಯುವುದು ಸೊನ್ನೆ. ಶೇ 95 ಕಡಿಯಲು ಅಡ್ಡಿ ಇದೆ, ಶೇ 100 ಕಡಿಯಲು ಇಲ್ಲ. ನಿಯಮ ಬರೆದವರಿಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಆದೇಶದ ಪ್ರತಿ ಪಿಂಚಣಿದಾರರಿಗೆ, ಮಹಾಲೇಖಪಾಲರಿಗೆ, ಖಜಾನೆಗೆ ಹೋಗಬೇಕು. ಕಡಿತ ಜಾರಿಯಾಗುವುದು ಮಹಾಲೇಖಪಾಲರ ಕಚೇರಿಯಿಂದ ಪಿಪಿಒ (ಪಿಂಚಣಿ ಪಾವತಿ ಆದೇಶ) ತಿದ್ದುಪಡಿ ಬಂದ ಮೇಲೆ. ಐದು ವರ್ಷದ ಕಡಿತ ಮುಗಿಯುವ ತಿಂಗಳನ್ನು ಆದೇಶದಲ್ಲೇ ಬರೆದಿಟ್ಟರೆ, ಆಮೇಲೆ ಪೂರ್ಣ ಪಿಂಚಣಿ ಮರಳಿಸಲು ಮತ್ತೊಂದು ಸುತ್ತು ಪತ್ರ ವ್ಯವಹಾರ ತಪ್ಪುತ್ತದೆ.

ವಜಾ ಆದವರಿಗೆ ಉಳಿಯುವ ಕಿರುದಾರಿ

ಸೇವೆಯಲ್ಲಿದ್ದಾಗಲೇ ವಜಾ ಆಗಿ ಎಲ್ಲವೂ ಹೋದವರಿಗೆ ಅನುಕಂಪದ ಭತ್ಯೆ ಎಂಬುದೊಂದಿದೆ. ಕೇಂದ್ರದ 41ನೇ ನಿಯಮದಲ್ಲಿ ಅದು ಸಿಗಬಹುದಾಗಿದ್ದ ಪಿಂಚಣಿಯ ಮೂರನೇ ಎರಡು ಭಾಗ ಮೀರುವುದಿಲ್ಲ. ಅದು ಹಕ್ಕಲ್ಲ. 2014ರ ಮಹಿಂದರ್ ದತ್ ಶರ್ಮಾ ತೀರ್ಪು ಇದಕ್ಕೆ ಅಳತೆಗೋಲು ಕೊಟ್ಟಿದೆ: ವಜಾಕ್ಕೆ ಕಾರಣವಾದದ್ದು ನೈತಿಕ ಅಧಃಪತನವೋ, ಸರ್ಕಾರಕ್ಕೆ ಬಗೆದ ಮೋಸವೋ, ಸ್ವಂತ ಲಾಭದ ಕೃತ್ಯವೋ, ಬೇರೆಯವರಿಗೆ ಬೇಕೆಂದೇ ಮಾಡಿದ ಕೇಡೋ ಎಂದು ನೋಡಬೇಕು, ಅಂಥದ್ದಲ್ಲದಿದ್ದರೆ ಕೋರಿಕೆಯನ್ನು ಸಾರಾಸಗಟಾಗಿ ತಳ್ಳಬಾರದು. ಲಂಚದಲ್ಲಿ ಸಿಕ್ಕಿಬಿದ್ದವರು ಇದರಿಂದ ಹೆಚ್ಚು ನಿರೀಕ್ಷಿಸಬೇಡಿ. ದೀರ್ಘ ಗೈರುಹಾಜರಿಯಂಥ ಕಾರಣಕ್ಕೆ ವಜಾ ಆದವರು ಖಂಡಿತ ಅರ್ಜಿ ಹಾಕಿ.

ಎನ್‌ಪಿಎಸ್‌ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ)ನವರು

ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಮೇಲಿನದೆಲ್ಲ ಹಾಗೆಯೇ ಹೊಂದುವುದಿಲ್ಲ. ಅವರ ಖಾತೆಯಲ್ಲಿ ಕೂಡಿದ ಹಣವನ್ನು ಪಿಂಚಣಿ ನಿಯಮ ತೋರಿಸಿ ತಡೆಯುವ ಮಾತಿಲ್ಲ, ಉಪದಾನಕ್ಕೆ ಮಾತ್ರ ತಡೆ ಬೀಳಬಹುದು. ಆದರೆ ಕೇಂದ್ರದಲ್ಲಿ 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡವರು ಎಚ್ಚರ: ವಜಾ ಆದರೆ ಅಲ್ಲಿ ಖಾತರಿ ಪಾವತಿ ಇಲ್ಲ.

ಕುಟುಂಬದವರು ತಿಳಿದಿರಬೇಕಾದದ್ದು

ಕುಟುಂಬ ಪಿಂಚಣಿ ಮೃತರ ಆಸ್ತಿಯ ಪಾಲಲ್ಲ, ಕುಟುಂಬಕ್ಕೆ ಬೇರೆ ನಿಯಮದಿಂದ ಬರುವ ಸ್ವತಂತ್ರ ಹಕ್ಕು. 1991ರ ವಯಲೆಟ್ ಐಸಾಕ್ ಪ್ರಕರಣ ಇದನ್ನು ಸ್ಪಷ್ಟಪಡಿಸಿದೆ. ಹಾಗಾಗಿ ಪಿಂಚಣಿದಾರರ ಪಿಂಚಣಿ ಕಡಿದ ಆದೇಶ ಕೈಯಲ್ಲಿದ್ದ ಮಾತ್ರಕ್ಕೆ ಅರ್ಜಿ ಹಾಕದೆ ಕೂರಬೇಡಿ. ಅರ್ಜಿ ಹಾಕಿ, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಕುಟುಂಬ ಪಿಂಚಣಿ ಪಡೆಯಬೇಕಾದವರ ಮೇಲೆಯೇ ಆ ನೌಕರರ ಕೊಲೆಯ ಆರೋಪ ಬಂದರೆ? ಕೇಂದ್ರದ ನಿಯಮದಲ್ಲಿ ತೀರ್ಪು ಬರುವವರೆಗೆ ಅವರ ಹಕ್ಕು ಅಮಾನತಿನಲ್ಲಿರುತ್ತದೆ, ಶಿಕ್ಷೆಯಾದರೆ ಶಾಶ್ವತವಾಗಿ ಹೋಗುತ್ತದೆ. ಹಿಂದೆ ಈ ಅವಧಿಯಲ್ಲಿ ಮಕ್ಕಳಿಗೂ ಹಣ ಸಿಗದೆ ಪರದಾಡುವಂತಾಗುತ್ತಿತ್ತು. 2021ರ ಜೂನ್ 16ರ ಆದೇಶದ ನಂತರ ಮುಂದಿನ ಅರ್ಹ ಸದಸ್ಯರಿಗೆ ಪಾವತಿ ನಡೆಯುತ್ತದೆ. ಮಗು ಅಪ್ರಾಪ್ತವಾಗಿದ್ದರೆ ಆರೋಪಿಯಲ್ಲದ ಪಾಲಕರ ಮೂಲಕ.

ಪಿಂಚಣಿದಾರ ಜೈಲಿನಲ್ಲಿದ್ದು ತಡೆ ಆದೇಶ ಇನ್ನೂ ಬಂದಿಲ್ಲದಿದ್ದರೆ ನವೆಂಬರಿನ ಜೀವಿತ ಪ್ರಮಾಣಪತ್ರ ಮರೆಯಬೇಡಿ. ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕಾರಾಗೃಹದ ಅಧೀಕ್ಷಕರ ಮೂಲಕ ಮಾಡಿಸಿ ಖಜಾನೆಗೋ ಬ್ಯಾಂಕಿಗೋ ಕಳಿಸಿ. ಎಷ್ಟೋ ಕಡೆ "ಶಿಕ್ಷೆಯಿಂದ ಪಿಂಚಣಿ ನಿಂತಿತು" ಎಂದು ಮನೆಯವರು ನಂಬಿರುವುದು ನಿಜಕ್ಕೂ ಈ ಒಂದು ಹಾಳೆ ಸಲ್ಲಿಸದೆ ನಿಂತದ್ದು.

ಪ್ರಶ್ನಿಸುವುದು, ಮರಳಿ ಪಡೆಯುವುದು

ರಾಜ್ಯ ನೌಕರರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಬೆಂಗಳೂರಲ್ಲದೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಕೇಂದ್ರದವರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ (ಸಿಎಟಿ) ಬೆಂಗಳೂರು ಪೀಠ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ಮೇಲ್ಮನವಿ ಅಥವಾ ಮನವಿಗೆ ಅವಕಾಶವಿದ್ದು ಅದನ್ನು ಸಲ್ಲಿಸಿದ್ದರೆ ಆರು ತಿಂಗಳು ಉತ್ತರಕ್ಕೆ ಕಾದು, ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ ಹೋಗಬಹುದು. ಮನವಿಯ ಮೇಲೆ ಮನವಿ ಕೊಡುತ್ತಾ ಹೋದರೆ ಗಡುವು ಮುಂದೆ ಹೋಗುವುದಿಲ್ಲ. ಇದು ಬಹಳ ಜನರನ್ನು ಮುಳುಗಿಸಿದ ಭ್ರಮೆ.

ಮೇಲ್ಮನವಿ ಬಾಕಿ ಇರುವಾಗಲೇ ಪಿಂಚಣಿದಾರ ತೀರಿಹೋದರೆ ಜೈಲು ಶಿಕ್ಷೆಯ ವಿರುದ್ಧದ ಮೇಲ್ಮನವಿ ಅಲ್ಲಿಗೇ ಮುಗಿಯುತ್ತದೆ, ದೋಷಿ ಎಂಬ ಕಲೆ ಉಳಿಯುತ್ತದೆ. ಅದನ್ನು ತಡೆಯಲು ದಾರಿ ಇದೆ: ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 435ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿ 394. ಸಾವಿನಿಂದ 30 ದಿನದೊಳಗೆ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳು ಮೊಮ್ಮಕ್ಕಳು, ಅಣ್ಣತಮ್ಮ ಅಕ್ಕತಂಗಿಯರಲ್ಲಿ ಯಾರಾದರೂ ಮೇಲ್ಮನವಿ ಮುಂದುವರಿಸಲು ಅನುಮತಿ ಕೇಳಬಹುದು. ಹದಿಮೂರನೇ ದಿನದ ಕಾರ್ಯ ಮುಗಿಸಿ ವಕೀಲರನ್ನು ಕಂಡರೆ ಕೈಯಲ್ಲಿ ಉಳಿಯುವುದು ಹದಿನೇಳೇ ದಿನ.

ಮೇಲ್ಮನವಿಯಲ್ಲಿ ಖುಲಾಸೆಯಾದರೆ ಶಿಕ್ಷೆಯನ್ನೇ ನೆಚ್ಚಿದ್ದ ಆದೇಶದ ನೆಲೆ ಕುಸಿಯುತ್ತದೆ, ಆದರೆ ಪಿಂಚಣಿ ತಾನಾಗಿ ಮರಳುವುದಿಲ್ಲ. ನಿಲ್ಲಿಸಲು ಆದೇಶ ಬೇಕಾದಂತೆ ಮರಳಿಸಲೂ ಆದೇಶ ಬೇಕು. ಆಡಳಿತ ಇಲಾಖೆಯ ಕಾರ್ಯದರ್ಶಿಗೆ ಅರ್ಜಿ ಕೊಡಿ, ಪ್ರತಿ ಮಹಾಲೇಖಪಾಲರಿಗಿರಲಿ. ಲಗತ್ತು: ಹೈಕೋರ್ಟಿನ ತೀರ್ಪಿನ ದೃಢೀಕೃತ ಪ್ರತಿ, ತಡೆ ಆದೇಶ, ಪಿಪಿಒ, ತಡೆ ಶುರುವಾದ ತಿಂಗಳಿಂದ ಬ್ಯಾಂಕ್ ಪಾಸ್‌ಬುಕ್ಕಿನ ಹಾಳೆಗಳು, ಪ್ರತಿ ತಿಂಗಳ ಬಾಕಿಯನ್ನು ತುಟ್ಟಿಭತ್ಯೆಯ ಆಯಾ ಕಾಲದ ದರದೊಂದಿಗೆ ತೋರಿಸಿದ ಪಟ್ಟಿ, ಮತ್ತು ಉಪದಾನದ ಬೇಡಿಕೆ. ಅದೇ ಘಟನೆಯ ಮೇಲೆ ಬೇರೆ ಇಲಾಖಾ ವಿಚಾರಣೆಯಲ್ಲಿ ದೋಷಿ ಎಂದಾಗಿದ್ದರೆ ಖುಲಾಸೆ ಅದನ್ನು ಅಳಿಸುವುದಿಲ್ಲ. ಆಗ ತಡೆ ಆದೇಶ ಯಾವುದರ ಮೇಲೆ ನಿಂತಿದೆ, ತೀರ್ಪಿನ ಮೇಲೋ ವಿಚಾರಣಾ ವರದಿಯ ಮೇಲೋ ಎಂದು ಮೊದಲ ಪುಟದ "ಓದಲಾಗಿದೆ" ಪಟ್ಟಿಯನ್ನು ನೋಡಿ. ಉತ್ತರ ಅಲ್ಲೇ, ಒಂದನೇ ಎರಡನೇ ಸಾಲಿನಲ್ಲೇ ಇರುತ್ತದೆ.